ತೆರೆದಿಟ್ಟ ನಳ

"ಹತ್ತಿ ಒತ್ತಿ ಹಿಡ್ಕೋರಿ, ತಿಕ್ಕಬ್ಯಾಡ್ರಿ." ಈ ಮಾತನ್ನು ದಿನಕ್ಕೆ ಎಷ್ಟು ಜನರಿಗೆ ಹೇಳುತ್ತೇನೋ ನನಗೇ ತಿಳಿಯದು. ಹಗಲು ನಾನು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಜನರ ತೋಳಿಗೆ ಸೂಜಿ ಚುಚ್ಚುತ್ತೇನೆ. ಸಂಜೆ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತೇನೆ. ಆ ಮಧ್ಯಾಹ್ನ ಮುದುಕರೊಬ್ಬರು ತೋಳಿನ ಮೇಲಿನ ಹತ್ತಿ ಎತ್ತಿ ನೋಡಿ, "ನಿಂತೈತಿ ಬಿಡವಾ" ಎಂದು ನಕ್ಕು ಎದ್ದು ಹೋದರು. ನಾನು ಆ ಹತ್ತಿಯನ್ನೇ ನೋಡುತ್ತ ನಿಂತೆ. ಗಾಯ ಮುಚ್ಚಿದ್ದು ನಾನಲ್ಲ, ಹತ್ತಿಯೂ ಅಲ್ಲ. ತೂತು ಎಲ್ಲಿದೆ ಎಂಬುದು ರಕ್ತಕ್ಕೇ ಗೊತ್ತಾಗುತ್ತದೆ. ಅಲ್ಲಿ ಮಾತ್ರ ಹೆಪ್ಪುಗಟ್ಟುತ್ತದೆ, ಉಳಿದ ಕಡೆ ಹರಿಯುತ್ತಲೇ ಇರುತ್ತದೆ.

ಅಂದು ಬೆಳಿಗ್ಗೆಯಷ್ಟೇ ನಮ್ಮ ಓಣಿಗೆ ನೀರು ಬಂದು ಹೋಗಿತ್ತು. ಓಣಿಯ ಕೊನೆಯ ಮನೆ ನಮ್ಮದು. ನಮ್ಮ ನಳದಲ್ಲಿ ಬಂದದ್ದು ನೂಲಿನಷ್ಟು. ಉಳಿದದ್ದೆಲ್ಲ ನೆಲದೊಳಗಿನ ಹಳೆಯ ಪೈಪಿನಿಂದ ಮಣ್ಣಿಗೆ ಸೋರಿತ್ತು. ರಕ್ತಕ್ಕೆ ಗೊತ್ತಿರುವುದು ಪೈಪಿನ ನೀರಿಗೂ ಗೊತ್ತಿದ್ದರೆ?

ಈ ಯೋಚನೆಯನ್ನು ಎಷ್ಟೋ ದಿನ ಯಾರಿಗೂ ಹೇಳಲಿಲ್ಲ. ಇಷ್ಟು ಸರಳವಾದದ್ದನ್ನು ಓದಿದವರು ಯಾರೋ ಮಾಡಿ, ಆಗುವುದಿಲ್ಲವೆಂದು ಬಿಟ್ಟಿರುತ್ತಾರೆ ಎಂಬ ಅಂಜಿಕೆ. ಕೊನೆಗೆ ಹೇಳಿದ್ದು ದಾವಲಸಾಬನಿಗೆ. ಅವನು ಹಗಲು ಮೋಟಾರ್ ರಿಪೇರಿ ಮಾಡಿ ಸಂಜೆ ನನ್ನ ಪಕ್ಕದ ಬೆಂಚಿನಲ್ಲಿ ಕೂರುವವನು, ವಯಸ್ಸಿನಲ್ಲಿ ನನಗಿಂತ ಚಿಕ್ಕವನು.

"ಅಕ್ಕಾರ, ಇದನ್ನ ಇಷ್ಟ್ ದಿನ ಹೊಟ್ಟ್ಯಾಗ ಇಟ್ಕೊಂಡು ಕುಂತಿದ್ರೇನು?" ಎಂದ ಅವನು. "ನಾಳೆಯಿಂದ ಸುರು ಮಾಡೂಣು."

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಎಂದು ಹೆಸರು ಕೊಟ್ಟೆವು. ನಮ್ಮ ಗೈಡ್ ಹಂಚಿನಾಳ ಸರ್ ಮೊದಲು ಒಪ್ಪಲಿಲ್ಲ. "ಮಾಡೆಲ್ ಮಾಡ್ರಿ, ರಿಪೋರ್ಟ್ ಬೈಂಡ್ ಮಾಡ್ಸಿ ಕೊಡ್ರಿ, ಪಾಸ್ ಆಗ್ರಿ. ಜನಾ ಕುಡಿಯೋ ನೀರಿಗೆ ಯಾಕ ಕೈ ಹಾಕ್ತೀರಿ?" ಎಂದರು. ಆದರೆ ನನಗೆ ಮಾಡೆಲ್ ಸಾಲುತ್ತಿರಲಿಲ್ಲ. ನಗರದ ನೀರು ನೋಡಿಕೊಳ್ಳುವ ಎಂಜಿನಿಯರ್ ಮೇಡಂ ನಮ್ಮ ಓಣಿಗೆ ಬಂದು ಸ್ಪಷ್ಟವಾಗಿ ಹೇಳಿ ಹೋಗಿದ್ದರು: ಈ ಪೈಪಿನಲ್ಲಿ ಬಿಟ್ಟ ನೀರಿನಲ್ಲಿ ಅರ್ಧ ಮಣ್ಣಿಗೆ ಹೋಗುತ್ತಿದೆ. ಬೇಸಿಗೆಯೊಳಗೆ ಸೋರಿಕೆ ನಿಲ್ಲದಿದ್ದರೆ ಮನೆ ನಳಗಳ ಸಂಪರ್ಕ ಕಡಿದು, ಓಣಿಯ ಬಾಯಲ್ಲಿ ಎಲ್ಲರಿಗೂ ಸೇರಿ ಒಂದು ಟ್ಯಾಂಕ್ ಕೂರಿಸುತ್ತಾರೆ. ಮೊದಲ ಮನೆಯವರಿಗೆ ಅದು ನಾಲ್ಕು ಹೆಜ್ಜೆ. ನಮ್ಮ ಅವ್ವನ ಮೊಣಕಾಲು ಹಿತ್ತಲಿಗೆ ಹೋಗಿ ಬರುವುದಕ್ಕೇ ಗೋಡೆ ಹಿಡಿಯುತ್ತದೆ. ನಾನು ಹಗಲೂ ಇರುವುದಿಲ್ಲ, ಸಂಜೆಯೂ ಇರುವುದಿಲ್ಲ. ನಳ ಹೋದರೆ ಮೊದಲು ಹೋಗುವುದು ನನ್ನ ಸಂಜೆಯ ಕಾಲೇಜು.

ನಾವು ಮಾಡಿದ ಕಣ ಸಾಸಿವೆ ಕಾಳಿನಷ್ಟು. ಅದನ್ನು ಸಾಸಿವೆ ಎಂದೇ ಕರೆದೆವು. ಒಳಗೆ ಚವಳಿಕಾಯಿ, ಅಂದರೆ ಗೋರಿಕಾಯಿ, ಬೀಜದ ಅಂಟು ಮತ್ತು ಸುಣ್ಣದ ಹುಡಿ. ಎರಡೂ ನೀರಿಗೆ ಸಿಕ್ಕರೆ ಉಬ್ಬಿ, ಒಂದಕ್ಕೊಂದು ಅಂಟಿ, ಸ್ವಲ್ಪ ಹೊತ್ತಿನಲ್ಲೇ ಕಲ್ಲಾಗುವಂತೆ ಬೆರೆಸಿದ್ದೆವು. ಹೊರಗೆ ಅರಗಿನ ತೆಳು ಸಿಪ್ಪೆ. ಒತ್ತಡದ ನೀರು ಸಣ್ಣ ಬಿರುಕಿನಿಂದ ನುಗ್ಗುವಾಗ ಒಂದು ಸೀಟಿ ಏಳುತ್ತದೆ. ನೆಲದ ಮೇಲೆ ನಿಂತವರಿಗೆ ಅದು ಕೇಳುವುದಿಲ್ಲ, ಆದರೆ ಪೈಪಿನ ಗೋಡೆ ನಡುಗುತ್ತದೆ. ಆ ನಡುಕಕ್ಕೆ ಮಾತ್ರ ಒಡೆಯುವಷ್ಟು ದಪ್ಪಕ್ಕೆ ಸಿಪ್ಪೆಯನ್ನು ತರುವುದೇ ಕಷ್ಟವಾಯಿತು. ದಪ್ಪವಾದರೆ ಕಿವುಡು, ತೆಳುವಾದರೆ ಪಂಪಿನ ಸದ್ದಿಗೇ ಒಡೆದು ಗಂಜಿ. ದಾವಲ ಹಳೆಯ ಮೋಟಾರಿನ ಮೇಲೆ ಜರಡಿ ಕೂರಿಸಿ, ಅದರಲ್ಲಿ ಕಾಳು ಅಲುಗಾಡಿಸುತ್ತ ಅರಗು ಲೇಪಿಸುವ ಯಂತ್ರ ಮಾಡಿದ. ಹೊರಟ ಸದ್ದಿಗೆ ಪಕ್ಕದ ತರಗತಿಯವರು ಬಾಗಿಲು ಹಾಕಿಕೊಂಡರು.

ಕಾಲೇಜಿನ ಲ್ಯಾಬಿನಲ್ಲಿ ಗೋಡೆಯುದ್ದಕ್ಕೂ ಪೈಪು ಕೂರಿಸಿ, ಅಲ್ಲಲ್ಲಿ ನಳ ಹಚ್ಚಿ, ಬೇಕೆಂದೇ ಬಿರುಕು ಮಾಡಿ ಸಾಸಿವೆ ಬಿಟ್ಟೆವು. ಬಿರುಕಿನಿಂದ ಚಿಮ್ಮುತ್ತಿದ್ದ ನೀರು ಸಣ್ಣದಾಯಿತು, ಹನಿಯಾಯಿತು, ನಿಂತಿತು. ದಾವಲ ಕೈಯಿಂದ ಒರೆಸಿದ. ಒಣಗಿತ್ತು. ನಾನು ಮತ್ತೆ ಮತ್ತೆ ಮಾಡಿಸಿದೆ. ಪ್ರತಿ ಸಲವೂ ನಿಂತಿತು. ಕುಡಿಯುವ ನೀರಿನ ಪರೀಕ್ಷೆಯಲ್ಲೂ ತೊಂದರೆ ಕಾಣಲಿಲ್ಲ. ಮೇಡಂ ಸ್ವತಃ ಬಂದು ನೋಡಿ, "ಒಂದು ಓಣಿ ಕೊಡ್ತೀನಿ. ನಿಮ್ಮದೇ ಓಣಿ" ಎಂದರು.

ಆ ವಾರ ಬರೆದಿಟ್ಟ ಲೆಕ್ಕವನ್ನೇ ಮತ್ತೆ ಮತ್ತೆ ತಿರುವಿ ನೋಡಿದೆ. ಏನೋ ಬಿಟ್ಟಿದ್ದೇನೆ ಅನ್ನಿಸುತ್ತಲೇ ಇತ್ತು, ಏನೆಂದು ಹೊಳೆಯಲಿಲ್ಲ.

ನೀರು ಬಿಡುವ ಬೆಳಿಗ್ಗೆ ಓಣಿಯ ಬಾಯಲ್ಲಿರುವ ವಾಲ್ವಿನ ಗುಂಡಿಯಲ್ಲಿ ಸಾಸಿವೆಯ ಡಬ್ಬಿ ಜೋಡಿಸಿ ನಿಂತೆವು. ವಾಲ್ವ್ ತೆರೆದಾಗ ಪೈಪು ಕೆಮ್ಮಿತು, ಗಾಳಿ ತಳ್ಳಿತು, ನೀರು ಓಡಿತು. ಸ್ವಲ್ಪ ಹೊತ್ತಿಗೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಏರತೊಡಗಿತು. "ಸೋರಿಕಿ ಮುಚ್ಚಾಕತ್ತಾವ ಅಕ್ಕಾರ" ಎಂದ ದಾವಲ. ಮುಳ್ಳು ಇನ್ನೂ ಏರಿತು. ಅಷ್ಟು ಏರಬಾರದಿತ್ತು. ಆಗ ಓಣಿಯ ಒಳಗಿನಿಂದ ಸಂಕವ್ವನ ದನಿ ಬಂತು.

"ಏ ನೀಲಾ! ನಳಕ್ಕ ಏನ್ ಬಡದೀರಿ? ಬುಸ್ ಅಂತು, ಒಂದ್ ಚರಿಗಿ ಬಂತು, ನಿಂತು!"

ಸಂಕವ್ವ ಓಣಿಯ ನಡುವಿನ ಮನೆಯವಳು, ಒಂದು ಆಡು ಸಾಕಿದ್ದಾಳೆ. ಅವಳ ಹಿಂದೆಯೇ ಎದುರು ಮನೆಯವರು, ಅವರ ಹಿಂದೆ ಇನ್ನೊಬ್ಬರು ಕೊಡ ಹಿಡಿದು ಬಂದರು. ಎಲ್ಲರದೂ ಒಂದೇ ಮಾತು. ಓಣಿಯ ನಳಗಳೆಲ್ಲ ಬಾಯಿ ಕಟ್ಟಿಕೊಂಡಿದ್ದವು. ನಮ್ಮ ಸಾಸಿವೆ ಮುಚ್ಚಿದ್ದು ನಳಗಳನ್ನು.

ಜನ ಬೈದರು. ಬೈಯಬೇಕಾದದ್ದೇ. ಮತ್ತೆ ನೀರು ಬರುವುದು ಎಂಟು ದಿನಕ್ಕೋ ಹತ್ತು ದಿನಕ್ಕೋ. ಅಷ್ಟು ದಿನ ಓಣಿಯ ಹೆಂಗಸರು ಪಕ್ಕದ ಬಡಾವಣೆಯಿಂದ ತಳ್ಳುಗಾಡಿಯಲ್ಲಿ ಕೊಡ ತಂದರು. ಅವ್ವ ಪಾತ್ರೆ ತೊಳೆದ ನೀರನ್ನೇ ಹಿತ್ತಲಿನ ಬಕೆಟ್ಟಿಗೆ ಬಸಿದಿಡುತ್ತಿದ್ದಳು. ಆ ಸದ್ದು ಕೇಳಿದಾಗಲೆಲ್ಲ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಹಂಚಿನಾಳ ಸರ್, "ಲ್ಯಾಬಿನ ರಿಸಲ್ಟ್ ಚಲೋ ಐತಿ. ಅಷ್ಟನ್ನ ಬರದು ಮುಗಸ್ರಿ" ಎಂದರು. ಅವರು ಹೇಳಿದ್ದು ನಮ್ಮ ಒಳಿತಿಗೇ. ಬರೆಯಲು ಕುಳಿತೆ, ಕೈ ಓಡಲಿಲ್ಲ. ಲ್ಯಾಬಿನಲ್ಲಿ ಒಂದು ನಳವೂ ಕಟ್ಟಿಕೊಳ್ಳದೆ ಓಣಿಯಲ್ಲಿ ಎಲ್ಲವೂ ಯಾಕೆ ಕಟ್ಟಿಕೊಂಡವು ಎಂದು ತಿಳಿಯದೆ ನಾನು ಯಾವ ರಿಪೋರ್ಟಿಗೆ ಸಹಿ ಮಾಡಲಿ?

ಭಾನುವಾರ ದಾವಲನೂ ನಾನೂ ಮನೆ ಮನೆಗೆ ನಳ ಬಿಡಿಸಲು ಹೊರಟೆವು. ಸುಣ್ಣದ ಕಲ್ಲು ಹುಳಿಗೆ ಕರಗುತ್ತದೆ. ಹುಣಸೆಹಣ್ಣು ಕಿವುಚಿದ ನೀರನ್ನು ಸಿರಿಂಜಿನಿಂದ ನಳದ ಬಾಯಿಗೆ ಹಾಕಿ, ತಂತಿಯಿಂದ ಕೆರೆದು ತೆಗೆಯುವುದು. ಮೊದಲ ಮನೆಯಲ್ಲಿ ನಳದ ಕೆಳಗೆ ಸ್ಟೀಲಿನ ತಾಟು ಬೋರಲು ಹಾಕಿಟ್ಟಿದ್ದರು. ಎರಡನೆಯ ಮನೆಯಲ್ಲಿ ಎಣ್ಣೆಯ ಖಾಲಿ ಡಬ್ಬಿ. ಮುಂದಿನ ಮನೆಯಲ್ಲಿ ನಳದ ಬಾಯಿಗೆ ಮಗುವಿನ ಪೀಪಿ ಸಿಕ್ಕಿಸಿದ್ದರು.

"ಇದೇನ್ರೀ?" ಎಂದ ದಾವಲ. ಅವನ ಮನೆಯಲ್ಲಿ ಬೋರ್‌ವೆಲ್ ಇದೆ.

"ನೀರ್ ಬರೂ ಮುಂಚೆ ಗಾಳಿ ಬರ್ತೈತಲ್ಲ, ಪೀಪಿ ಊದತೈತಿ. ಎಲ್ಲಿದ್ರೂ ಓಡಿ ಬರ್ತೀವಿ" ಎಂದಳು ಮನೆಯಾಕೆ.

ನನ್ನ ಕೈಯಲ್ಲಿ ಸಿರಿಂಜು ಹಾಗೇ ನಿಂತಿತು. ಪಕ್ಕದ ಮನೆಗೆ ಹೋಗಿ ನಳದ ತಿರುಪು ನೋಡಿದೆ. ಪೂರ್ತಿ ತೆರೆದಿತ್ತು. ಸಂಕವ್ವನ ಮನೆಯದೂ ತೆರೆದಿತ್ತು. ಓಡಿ ನಮ್ಮ ಮನೆಗೆ ಹೋದೆ. ತೆರೆದ ನಳದ ಕೆಳಗೆ ಅವ್ವ ಇಟ್ಟ ಹಿತ್ತಾಳೆಯ ಬೋಗುಣಿ. ನಾನು ಹುಟ್ಟಿದಾಗಿನಿಂದ ಅದು ಅಲ್ಲಿದೆ.

ನೀರು ಬರುವ ಹೊತ್ತು ನಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಯಾರೂ ನಳ ಮುಚ್ಚುವುದಿಲ್ಲ. ತೆರೆದಿಟ್ಟು, ಸದ್ದು ಮಾಡುವ ಏನನ್ನಾದರೂ ಕೆಳಗಿಟ್ಟು, ಬೇರೆ ಕೆಲಸ ಮಾಡಿಕೊಳ್ಳುತ್ತೇವೆ. ನೀರಿಗೆ ಮುಂಚೆ ಬರುವ ಗಾಳಿ ಆ ಬಾಯಲ್ಲಿ ಸೀಟಿ ಹೊಡೆಯುತ್ತದೆ. ಅದು ಬಿರುಕಿನ ಸೀಟಿಯಂಥದೇ. ಹಿಂದೆಯೇ ಬಂದ ಸಾಸಿವೆ ಅದನ್ನು ಗಾಯವೆಂದು ತಿಳಿದು ಮುಚ್ಚಿತು. ಲ್ಯಾಬಿನಲ್ಲಿಯೋ, ಗೋಡೆಯ ಮೇಲೆ 'ನೀರು ಪೋಲು ಮಾಡಬೇಡಿ' ಎಂಬ ಬೋರ್ಡಿದೆ. ಅಲ್ಲಿ ನಾನು ಒಂದೊಂದೂ ನಳವನ್ನು ಬಿಗಿಯಾಗಿ ಮುಚ್ಚಿದ ಮೇಲೆಯೇ ಪರೀಕ್ಷೆ ಶುರು ಮಾಡುತ್ತಿದ್ದೆ. ಮನೆಯಲ್ಲಿ ತೆರೆದಿಡುವ ಕೈ, ಕಾಲೇಜಿನಲ್ಲಿ ಮುಚ್ಚುವ ಕೈ, ಎರಡೂ ನನ್ನದೇ. ಒಂದರ ಸುದ್ದಿ ಇನ್ನೊಂದಕ್ಕೆ ತಲುಪಿರಲಿಲ್ಲ.

ಕಾರಣ ಕೇಳಿ ಸರ್‌ಗೆ ಸಮಾಧಾನವಾಯಿತು. "ಮತ್ತ ಸರಳ ಆತಲ್ಲ. ನಳ ಮುಚ್ಚಿಡ್ರಿ ಅಂತ ಓಣಿಯವರಿಗೆ ಹೇಳಿಬಿಡ್ರಿ."

ನಾನು ಮೊದಲು ಮನೆಯಲ್ಲೇ ಹೇಳಿ ನೋಡಿದೆ. ನಳ ಮುಚ್ಚಿ ಕೆಲಸಕ್ಕೆ ಹೋದೆ; ಬರುವಷ್ಟರಲ್ಲಿ ತೆರೆದಿತ್ತು. ಮತ್ತೆ ಮುಚ್ಚಿದೆ. ಅವ್ವ ನನ್ನೆದುರಿಗೇ ಗೋಡೆ ಹಿಡಿದು ಬಂದು ತೆರೆದಳು. ಸಂಕವ್ವ ಇನ್ನೂ ಬಿಚ್ಚಿ ಹೇಳಿದಳು.

"ಕದಾ ತಗದಿಟ್ಟು ಮಲಕ್ಕೊ ಅನ್ನು, ಮಲಕ್ಕೋತೇನಿ. ನಳಾ ಹಾಕಿಟ್ಟು ಕೂಡು ಅಂತ ಮಾತ್ರ ಅನ್ನಬ್ಯಾಡ. ಕಳ್ಳ ಬಂದ್ರ ನಾಳೆ ಮತ್ತೊಮ್ಮಿ ಬರ್ತಾನ. ನೀರು ಬರ್ತೈತೇನು?"

ದಾವಲ ಹೊರಗೆ ಬಂದು ನಕ್ಕ. ನನಗೆ ನಗು ಬರಲಿಲ್ಲ. ಆದರೆ ಅವಳ ಮಾತಿನಲ್ಲಿ ತಪ್ಪೂ ಕಾಣಲಿಲ್ಲ. ಒಂದು ದಿನದ ಪರೀಕ್ಷೆಗೆ ಬೇಕಾದರೆ ಇವರೆಲ್ಲ ನಳ ಮುಚ್ಚಿಯಾರು. ಆಮೇಲೆ? ಸಾಸಿವೆ ಪೈಪಿನಲ್ಲಿ ಇರುವಷ್ಟು ಕಾಲವೂ ಈ ಊರು ನಳ ತೆರೆದಿಡುವ ಊರೇ. ಬದಲಾಗಬೇಕಾದದ್ದು ಸಾಸಿವೆ.

ಮುಂದಿನ ಸಲ ನೀರು ಬಿಡುವ ದಿನವನ್ನು ಮೇಡಂ ಅವರಿಂದ ಮೊದಲೇ ಕೇಳಿಕೊಂಡು ನಾನು ರಜೆ ಹಾಕಿದೆ. ಕೆಲವು ಮನೆಗಳ ನಳಕ್ಕೆ, ಸೋರುವ ಜಾಗದ ಪೈಪಿಗೆ ಕಂಪನ ದಾಖಲಿಸುವ ತಟ್ಟೆ ಅಂಟಿಸಿ ಇಟ್ಟೆವು. ಸಂಕವ್ವನ ಮನೆಯೆದುರು ಬೇಸಿಗೆಯಲ್ಲೂ ಹಸಿರು ಹುಲ್ಲು ಇರುತ್ತಿತ್ತು, ಅವಳ ಆಡು ಅಲ್ಲೇ ಮೇಯುತ್ತಿತ್ತು. ಅಲ್ಲಿ ದೊಡ್ಡ ಬಿರುಕು ಇರಬೇಕೆಂದು ಅಲ್ಲಿಯೂ ಒಂದು ತಟ್ಟೆ ಹೂತೆವು. ಸಂಜೆ ಕಾಲೇಜಿನ ಲ್ಯಾಬಿನಲ್ಲಿ ನಳದ ಕಂಪನದ ಗೆರೆ, ಬಿರುಕಿನ ಕಂಪನದ ಗೆರೆ ಎರಡನ್ನೂ ಪಕ್ಕ ಪಕ್ಕದಲ್ಲಿ ಹರಡಿದಾಗ ವ್ಯತ್ಯಾಸ ಕಂಡಿತು. ನಳದ ಸೀಟಿ ಕೆಮ್ಮುತ್ತದೆ. ಒಂದಿಷ್ಟು ಗಾಳಿ, ಒಂದಿಷ್ಟು ನೀರು, ನಡುವೆ ಬಿಡುವು. ನೀರು ತುಂಬಿ ಬಂದ ಮೇಲೆ ಸೀಟಿಯೇ ಇಲ್ಲ, ಬರೀ ಭೋರ್ಗರೆತ. ಬಿರುಕಿನ ಸೀಟಿ ಒಮ್ಮೆಯೂ ಉಸಿರು ತೆಗೆದುಕೊಳ್ಳುವುದಿಲ್ಲ.

"ಬಾಯಿ ಉಸುರಾಡತೈತಿ, ಗಾಯ ಉಸುರಾಡೂದಿಲ್ಲ" ಎಂದ ದಾವಲ.

ಹಾಗಾದರೆ ಸಾಸಿವೆಗೆ ತಾಳ್ಮೆ ಕಲಿಸಬೇಕು. ಅರಗಿಗೆ ಜೇನುಮೇಣ ಬೆರೆಸಿದೆವು. ನಡುಗಿದಾಗ ಅದು ಮೆತ್ತಗಾಗುತ್ತದೆ, ಬಿಡುವು ಸಿಕ್ಕರೆ ಮತ್ತೆ ಬಿಗಿಯುತ್ತದೆ. ಬಿಡುವೇ ಸಿಗದೆ ನಡುಗಿದರೆ ಮಾತ್ರ ಸೋತು ಒಡೆಯುತ್ತದೆ. ಲೆಕ್ಕ ಸರಿ ಇತ್ತು. ಆದರೆ ತಾಳ್ಮೆ ಬಂದ ಸಾಸಿವೆ ಬಿರುಕಿನ ಹತ್ತಿರ ನಿಲ್ಲಲೇ ಇಲ್ಲ. ಒಡೆಯುವ ಮೊದಲೇ ನೀರಿನೊಂದಿಗೆ ತೇಲಿ ಹೋಯಿತು. ಬಿರುಕಿನ ಒರಟು ಅಂಚಿಗೆ ಸಿಕ್ಕಿಕೊಳ್ಳಲೆಂದು ಮೈಮೇಲೆ ಹತ್ತಿಯ ಎಳೆ ಹಚ್ಚಿದೆವು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಲ್ಯಾಬಿನ ಪೈಪನ್ನೇ ಮುಚ್ಚಿಬಿಟ್ಟವು. ಪೈಪು ಬಿಚ್ಚಿ ಎಳೆದಾಗ ಮೊಳದುದ್ದದ ಹತ್ತಿಯ ಸುರುಳಿ ಹೊರಬಂತು.

"ಅಕ್ಕಾರ, ಇದು ಸಾಸಿವಿ ಅಲ್ಲ, ಹಾಸಿಗಿ" ಎಂದ ದಾವಲ.

ಆ ಸಂಜೆ ನಾನು ಅತ್ತೆ. ಅವನು ನೋಡದವನಂತೆ ಜರಡಿ ತೊಳೆಯುತ್ತ ನಿಂತ. ಆಮೇಲೆ, "ಜಿನ್ನಿಂಗ್ ಫ್ಯಾಕ್ಟರಿಯೊಳಗ ಹತ್ತಿ ತಗದ ಮ್ಯಾಲೂ ಕಾಳಿನ ಮ್ಯಾಲ ಒಂದ್ ನವಿರು ಉಳೀತೈತಿ. ಗಿಡ್ಡದು. ಹೆಣಕೊಳ್ಳೂವಷ್ಟು ಉದ್ದ ಇರೂದಿಲ್ಲ. ನಾಳೆ ತರ್ತೀನಿ" ಎಂದ.

ಗಿಡ್ಡ ನವಿರು ಕೆಲಸ ಮಾಡಿತು. ಒರಟು ಬಿರುಕಿಗೆ ಸಾಸಿವೆ ಅಂಟಿ ಕೂತಿತು. ನಳದ ನುಣುಪು ಹಿತ್ತಾಳೆಯಿಂದ ಜಾರಿ ಹೋಯಿತು. ಈ ಸಲ ನಾನು ಲ್ಯಾಬಿನ ನಳಗಳನ್ನೆಲ್ಲ ತೆರೆದೆ. ಹಂಚಿನಾಳ ಸರ್ ಬಾಗಿಲಲ್ಲಿ ನಿಂತು ಒಮ್ಮೆ ಬೋರ್ಡು ನೋಡಿದರು, ಒಮ್ಮೆ ನೆಲದಲ್ಲಿ ಹರಿಯುವ ನೀರು ನೋಡಿದರು. ಪ್ಯಾಂಟು ಮಡಚಿಕೊಂಡು ಒಳಗೆ ಬಂದು, ತಾವೇ ಒಂದು ಬಕೆಟ್ ಹಿಡಿದರು.

ಆದರೆ ಲ್ಯಾಬಿನ ಮಾತನ್ನು ನಾನು ಇನ್ನು ನಂಬುವಂತಿರಲಿಲ್ಲ. ಮೇಡಂ, "ಓಣಿಯವರು ಒಪ್ಪಿದ್ರೆ ಮಾತ್ರ ಇನ್ನೊಂದು ಸಲ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ" ಎಂದಿದ್ದರು. ಸಂಕವ್ವನ ಮನೆಯ ಕಟ್ಟೆಯ ಮೇಲೆ ಓಣಿಯವರು ಕೂಡಿದರು. ಏನು ತಪ್ಪಾಗಿತ್ತು, ಏನು ಬದಲಿಸಿದ್ದೇವೆ, ಎಲ್ಲ ಹೇಳಿದೆ. ಈ ಸಲ ಆಗಿಯೇ ತೀರುತ್ತದೆ ಎಂದು ಮಾತ್ರ ಹೇಳಲು ಬಾಯಿ ಬರಲಿಲ್ಲ.

"ಮತ್ತ ನಳ ಕಟ್ಟಿದ್ರ?" ಎಂದಳು ಸಂಕವ್ವ.

"ಕಟ್ಟಿದ್ರ ಟ್ಯಾಂಕರ್ ಬರ್ತೈತಿ ದೊಡ್ಡವ್ವ. ಮೇಡಂ ಒಪ್ಯಾರ."

"ಬರ್ತೈತಿ ಅಂದ್ರ ಆಗೂದಿಲ್ಲ. ಮೊದಲ ಬಂದು ಓಣಿ ಬಾಯಾಗ ನಿಂತಿರಬೇಕು. ನಮ್ಮ ಕಣ್ಣಿಗೆ ಕಾಣಬೇಕು."

"ನಿಲ್ಲಿಸ್ತೀವಿ."

"ನಳ ಮುಚ್ಚೂದಿಲ್ಲ ನಾವು."

"ಮುಚ್ಚಬ್ಯಾಡ್ರಿ. ಯಾರೂ ಮುಚ್ಚಬ್ಯಾಡ್ರಿ" ಎಂದೆ. "ತಗದಿದ್ರೇನ ಅದು ಪರೀಕ್ಷಾ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓದಿದವರು ಬಂದು ಇಂಥದ್ದು ಹೇಳಿದ್ದನ್ನು ಅವರು ಇದೇ ಮೊದಲು ಕೇಳಿರಬೇಕು. ಸಂಕವ್ವ ಸೆರಗು ಕೊಡವಿ ಎದ್ದಳು. "ಹಂಗಾರ ಬಿಡು ನಿನ್ನ ಸಾಸಿವಿ. ಒಗ್ಗರಣಿ ಹೊತ್ತಿದ್ರ ನಿನ್ನ ಮನಿಗೇ ಬಂದು ಕೂಡ್ತೇನಿ."

ಆ ಬೆಳಿಗ್ಗೆ ಟ್ಯಾಂಕರ್ ಓಣಿಯ ಬಾಯಲ್ಲಿ ನಿಂತಿತ್ತು. ದಾವಲನನ್ನು ವಾಲ್ವಿನ ಗುಂಡಿಯಲ್ಲಿ ಬಿಟ್ಟು ನಾನು ನಮ್ಮ ಮನೆಗೆ ನಡೆದೆ. ಏನಾದರೂ ಆಗುವುದಿದ್ದರೆ ಕೊನೆಯ ನಳದಲ್ಲಿ ನೋಡಬೇಕು ಎಂದುಕೊಂಡಿದ್ದೆ. ಅವ್ವ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ನಮ್ಮಲ್ಲಿ ನೀರು ಸೋಸದೆ ತುಂಬುವುದಿಲ್ಲ.

ದೂರದಲ್ಲಿ ಪೀಪಿ ಊದಿತು. ಆಮೇಲೆ ಎಣ್ಣೆಯ ಡಬ್ಬಿ, ತಾಟು. ಸದ್ದುಗಳು ಒಂದೊಂದೇ ಮನೆ ದಾಟಿ ನಮ್ಮ ಕಡೆ ಬಂದವು. ನಮ್ಮ ನಳ ಬುಸುಗುಟ್ಟಿತು. ಕೆಮ್ಮಿತು. ಸೀಟಿ ಹೊಡೆಯಿತು. ಬೋಗುಣಿಯ ಮೇಲೆ ನಾಲ್ಕು ಹನಿ ಬಿದ್ದವು. ಮತ್ತೆ ಸೀಟಿ. ಹೋದ ಸಲ ನಿಂತದ್ದು ಇಲ್ಲಿಯೇ. ನಾನು ನಳವನ್ನು ನೋಡಲಾರದೆ ಅವ್ವನ ಕೈಯನ್ನು ನೋಡುತ್ತಿದ್ದೆ. ಅವಳು ಬಟ್ಟೆಯ ಗಂಟು ಬಿಗಿಯುತ್ತಲೇ ಇದ್ದಳು.

ನೂಲಿನಷ್ಟು ನೀರು ಬಂತು. ಎಂದಿನಷ್ಟೇ. ಬಹಳ ಹೊತ್ತು ಅಷ್ಟೇ ಬಂತು. ಆಗ ನನಗೆ ಅನ್ನಿಸಿದ್ದು: ಕಟ್ಟಿಕೊಳ್ಳಲೂ ಇಲ್ಲ, ಏನೂ ಆಗಲೂ ಇಲ್ಲ.

ಆಮೇಲೆ ಆ ನೂಲು ದಪ್ಪವಾಯಿತು. ಕಿರುಬೆರಳಷ್ಟಾಯಿತು. ಅವ್ವ ಬೋಗುಣಿ ಸರಿಸಿ ಕೊಡ ಇಡುವಷ್ಟರಲ್ಲಿ ನಳದ ತುಂಬ ನೀರು ಧಡಕ್ಕನೆ ಬಿದ್ದು ಬೋಗುಣಿ ಉರುಳಿಕೊಂಡು ಹೋಗಿ ಹಿತ್ತಲ ಬಾಗಿಲಿಗೆ ಬಡಿಯಿತು. ನಮ್ಮ ನಳ ಅಷ್ಟು ನೀರು ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

"ತಿರುಪು ಎಲ್ಲಿ, ತಿರುಪು" ಎಂದು ಅವ್ವ ತಡಕಾಡಿದಳು. ನೀರು ಕಡಿಮೆ ಮಾಡಲು ನಳ ತಿರುಗಿಸುವ ಅಭ್ಯಾಸವೇ ಅವಳಿಗೆ ಇರಲಿಲ್ಲ.

ಮೊದಲ ಕೊಡ ತುಂಬಿದ ಮೇಲೆ ನಾನು ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದೆ. ಸಣ್ಣ ಕಂದು ಕಾಳುಗಳು ಬಟ್ಟೆಗೆ ಅಂಟಿದ್ದವು. ಒಂದೊಂದನ್ನೂ ಉಗುರಿನಿಂದ ಹೊರಳಿಸಿ ನೋಡಿದೆ. ಸೀಟಿ ಹೊಡೆಯುವ ನಳದ ಬಾಯಿ ದಾಟಿ ಬಂದಿದ್ದವು. ಒಂದೂ ಒಡೆದಿರಲಿಲ್ಲ.

ದಾವಲ ಓಡುತ್ತ ಬಂದ. ಒತ್ತಡ ಎಷ್ಟು ಬೇಕೋ ಅಷ್ಟಕ್ಕೇ ಏರಿ ನಿಂತಿದೆ, ಮೇಡಂ ಮುಳ್ಳಿನ ಫೋಟೊ ತೆಗೆದುಕೊಂಡರು, ಹೀಗೇ ಉಳಿದರೆ ಮನೆ ನಳಗಳನ್ನು ಮುಟ್ಟುವುದಿಲ್ಲ ಎಂದರು, ಎಂದು ಒಂದೇ ಉಸಿರಿಗೆ ಹೇಳಿದ. ನಾನು ಹೊರಗೆ ಬಂದು ನೋಡಿದರೆ ಓಣಿಯ ಹೆಂಗಸರೆಲ್ಲ ಟ್ಯಾಂಕರಿನ ಸುತ್ತ ಕೊಡ ಹಿಡಿದು ನಿಂತಿದ್ದರು.

"ದೊಡ್ಡವ್ವ, ನಳ ಕಟ್ಟಿತೇನು?"

"ಯಾಕ ಕಟ್ಟತೈತಿ? ಎಲ್ಲಾ ತುಂಬೇತಿ" ಎಂದಳು ಸಂಕವ್ವ, ಕೊಡ ಮುಂದೆ ಸರಿಸುತ್ತ. "ತಂದ ನೀರು ತಿರುಗಿ ಕಳಸ್ತಾರೇನು ಯಾರಾದ್ರೂ?"

ಮುಂದಿನ ವಾರಗಳಲ್ಲಿ ಅವಳ ಮನೆಯೆದುರಿನ ಹುಲ್ಲು ಒಣಗಿತು. ನಾನು ಕಾಲೇಜಿಗೆ ಹೋಗುವಾಗಲೆಲ್ಲ ಆಡನ್ನು ತೋರಿಸಿ, "ಇದಕ್ಕ ಮೇವು ನಿನ್ನ ಸಾಸಿವಿ ಹಾಕ್ತೈತೇನು?" ಎಂದು ಕೇಳುತ್ತಾಳೆ. ದಾವಲ ಒಂದು ದಿನ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದ.

ಪರೀಕ್ಷೆ ಮುಗಿದರೂ ನನ್ನ ಅಂಜಿಕೆ ಮುಗಿದಿಲ್ಲ. ಪ್ರತಿ ಸಲ ನೀರು ಬಂದಾಗ ಬಟ್ಟೆ ಬಿಚ್ಚಿ ನೋಡುತ್ತೇನೆ. ನಿನ್ನೆ ರಕ್ತದ ಲ್ಯಾಬಿಗೆ ಹೊರಡುವಾಗ, ಕಾಲೇಜಿನ ಅಭ್ಯಾಸಕ್ಕೋ ಏನೋ, ಕೈ ತಾನಾಗಿಯೇ ಹಿತ್ತಲ ನಳದ ತಿರುಪಿಗೆ ಹೋಯಿತು. ಅವ್ವ ಒಳಗಿನಿಂದಲೇ ಕೇಳಿದಳು.

"ಮುಚ್ಚೀಯೇನ?"

"ಇಲ್ಲವ್ವ."

"ನಿನ್ನ ಸಾಸಿವಿಗೆ ಗೊತ್ತೈತಲ್ಲ, ತಗದಿರೂದು ನಾವು ಅಂತ?"

"ಗೊತ್ತೈತಿ" ಎಂದೆ. ಮೂಲೆಯಲ್ಲಿದ್ದ ಬೋಗುಣಿ ಎತ್ತಿ, ಉರುಳದಂತೆ ಅದರೊಳಗೆ ಒಂದು ಕಲ್ಲಿಟ್ಟು, ತೆರೆದ ನಳದ ಕೆಳಗೆ ಸರಿಸಿ, ಕೆಲಸಕ್ಕೆ ಹೊರಟೆ.